ಎಡ್ಮಂಡರು ಬೇಡವೆಂದ ಕೋಳಿಗಳು

ತಿಂದು, ಎಲುಬು ಚೀಪಿ, ಕೈತೊಳೆದು, ಮೇಲೊಂದು ಮಧ್ಯಾಹ್ನದ ನಿದ್ದೆಯನ್ನೂ ಮುಗಿಸಿದ ಮೇಲೆ ಅದೇ ಹುಂಜ ಇನ್ನೊಂದು ದಿನ ಬೆಳಗ್ಗೆ ಕೂಗಿದರೆ ಮನುಷ್ಯನಾದವನು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೆಂಡತಿಗೆ ಹೇಳಿದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಡುತ್ತಾಳೆ. ನೆರೆಯವರಿಗೆ ಹೇಳಿದರೆ ಊರಿಡೀ ಸುದ್ದಿ. ಪೊಲೀಸರಿಗಂತೂ ಹೇಳುವ ಹಾಗೇ ಇಲ್ಲ. ಸತ್ತವನೇ ಬಂದು ಕೂಗುತ್ತಿದ್ದಾನೆಂದರೆ ಕೇಸು ಯಾರ ಮೇಲೆ ಹಾಕುವುದು? ಇಂಥ ಧರ್ಮಸಂಕಟದಲ್ಲಿ ಸಿಕ್ಕಿಬಿದ್ದ ಎಡ್ಮಂಡರು ತಲೆತುಂಬ ಮುಸುಕು ಹಾಕಿಕೊಂಡು, ಒಂದು ಕಿವಿಯನ್ನು ಮಾತ್ರ ಹೊರಗಿಟ್ಟು ಮಲಗಿದ್ದರು. ಆ ಕಿವಿಗೆ ಕೂಗು ಮತ್ತೆ ಕೇಳಿಸಿತು. ಸಂಶಯವೇ ಇಲ್ಲ, ಈಸ್ಟರ್ ದಿನ ತಿಂದ ಹುಂಜವೇ.

ಎಡ್ಮಂಡರು ಗಲ್ಫಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಒಂದು ಪೈಪ್ ಕಾರ್ಖಾನೆಯ ಗುಣಮಟ್ಟ ಪರೀಕ್ಷಕರಾಗಿದ್ದವರು. ಅಂದರೆ ದಿನವಿಡೀ ಪೈಪುಗಳನ್ನು ತಟ್ಟಿ ನೋಡಿ ‘ಪಾಸ್’, ‘ರಿಜೆಕ್ಟ್’ ಎನ್ನುವುದೇ ಕೆಲಸ. ಅಲ್ಲಿ ಅವರು ಬೇಡವೆಂದ ಪೈಪನ್ನು ಮಾಲಿಕನೂ ಬೇಕೆನ್ನುವಂತಿರಲಿಲ್ಲ. ಹೀಗೆ ರಾಜ್ಯಭಾರ ಮಾಡಿ ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯ ತಮ್ಮ ಮನೆಗೆ ಮರಳಿದಾಗ ಅವರಿಗೆ ತಿಳಿದ ಸತ್ಯವೇನೆಂದರೆ, ಈ ಮನೆಯಲ್ಲಿ ಅವರ ಅಭಿಪ್ರಾಯ ಕೇಳುವ ಪದ್ಧತಿಯೇ ಬೆಳೆದು ಬಂದಿಲ್ಲ. ಗೋಡೆಗೆ ಬಣ್ಣ ಯಾವುದು, ಸಾರಿಗೆ ಮೀನು ಯಾವುದು, ಮದುವೆಗೆ ಹೋಗುವಾಗ ಎಡ್ಮಂಡರು ಹಾಕುವ ಅಂಗಿ ಯಾವುದು, ಎಲ್ಲವೂ ಧರ್ಮಪತ್ನಿ ಬೆನೆಡಿಕ್ಟಾಳ ಇಲಾಖೆ. ಗೇಟಿನ ಮೇಲೆ ಇರುವ ಹೆಸರೂ ‘ಬೆನ್ನಿ ಕಾಟೇಜ್’. (ದುಡ್ಡು ಕಳಿಸಿದವರ ಹೆಸರು ಗೇಟಿನಲ್ಲಿ ಹಿಡಿಸಲಿಲ್ಲವಂತೆ.)

ಹೀಗಿರುವಾಗ ಆದಿ ಉಡುಪಿಯಲ್ಲಿ ನಡೆದ ಕೃಷಿ ಮೇಳವೊಂದರಲ್ಲಿ ಎಡ್ಮಂಡರಿಗೆ ‘ಹಿತ್ತಲಕೋಳಿ ಪ್ರೇಮಿಗಳ ಸಂಘ’ದ ದರ್ಶನವಾಯಿತು. ನಮ್ಮ ಊರಿನ ಕೆಂಪು ಕೋಳಿ ಕಂಡ ಕಂಡ ಕೋಳಿಯ ಜೊತೆ ಬೆರೆತು ಕುಲಗೆಟ್ಟು ಹೋಗಿದೆ, ಅದನ್ನು ಮತ್ತೆ ಶುದ್ಧ ತಳಿಯಾಗಿ ತರಬೇಕು ಎಂಬುದು ಸಂಘದ ಧ್ಯೇಯ. ಅದಕ್ಕಾಗಿ ಲಕ್ಷಣಗಳನ್ನು ನಿಗದಿ ಮಾಡಿದ್ದರು: ಮೈ ಕೆಂಪು, ಬಾಲ ಹಸಿರು ಮಿಂಚುವ ಕಪ್ಪು, ಜುಟ್ಟು ಒಂಟಿ, ಕಾಲು ಅರಿಶಿನ. ಕೊನೆಗೆ ಸಣ್ಣಕ್ಷರದಲ್ಲಿ, ‘ಮುಟ್ಟಿದರೆ ಗಾಬರಿಯಾಗಬಾರದು’ ಎಂದೊಂದು ಮಾತು. ಲಕ್ಷಣವಿಲ್ಲದ್ದನ್ನು ತೆಗೆಯುತ್ತ, ಇದ್ದದ್ದರಿಂದಲೇ ಮರಿ ಮಾಡಿಸುತ್ತ ಹೋದವರ ಮನೆಗೆ ಪರೀಕ್ಷಕರು ಬರುತ್ತಾರೆ. ಒಪ್ಪಿಗೆಯಾದರೆ ಮನೆಯೆದುರು ‘ಮಾದರಿ ತಳಿ ಕೇಂದ್ರ’ ಎಂಬ ಫಲಕ, ಅದರ ಕೆಳಗೆ ಆಯ್ಕೆ ಮಾಡಿದವರ ಹೆಸರು. ಎಡ್ಮಂಡರಿಗೆ ಬೇಕಾದದ್ದೂ ಅದೇ. ತಾನು ಆರಿಸಿದ್ದು ಸರಿ ಎಂದು ಈ ಭೂಮಿಯ ಮೇಲೆ ಒಬ್ಬರಾದರೂ ಬರೆದು ತೂಗುಹಾಕಬೇಕು! ಅದಿಲ್ಲದೆ ತಾನು ಊರಿಗೆ ಬಂದದ್ದೇ ವ್ಯರ್ಥ ಎಂದು ಅವರಿಗೆ ನಿಜವಾಗಿ ಅನಿಸಿಬಿಟ್ಟಿತು.

ಅಂದಿನಿಂದ ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಬಂದವರು ಹಿತ್ತಲಿನಲ್ಲಿ ಕುರ್ಚಿ ಹಾಕಿ ದರ್ಬಾರು ನಡೆಸತೊಡಗಿದರು. ಬಣ್ಣ, ಬಾಲ, ಕಾಲುಗಳನ್ನು ನೋಡುವುದು ನಿಜ. ಆದರೆ ಪೈಪ್ ಕಾರ್ಖಾನೆಯಲ್ಲಿ ಪಳಗಿದ ಕಿವಿಗೆ ಬೇಗ ಹಿಡಿಸಿದ್ದು ಕೊನೆಯ ಆ ಸಣ್ಣಕ್ಷರದ ಮಾತು. ಸದ್ದು ಮಾಡುವ ಮಾಲು ಕಳಪೆ ಮಾಲು. ಹಿಡಿದಾಗ ಕಿರುಚಿದ್ದು ರಿಜೆಕ್ಟ್. ಮೊಟ್ಟೆಯಿಟ್ಟು ಊರಿಗೆಲ್ಲ ಸಾರಿದ ಹೇಂಟೆ ರಿಜೆಕ್ಟ್. ಓಡಿದ್ದು, ಹಾರಿದ್ದು, ಕೊಕ್ಕಿನಿಂದ ಕುಕ್ಕಿದ್ದು, ಎಲ್ಲ ರಿಜೆಕ್ಟ್. ಕೂಗುವ ಮೊದಲು ಒಂದು ಕಾಲೆತ್ತಿ ಯೋಚನೆ ಮಾಡಿ, ಆಮೇಲೆ ಉಸಿರು ಮುಗಿಯುವವರೆಗೆ ಕೂಗುತ್ತಿದ್ದ ಭರ್ಜರಿ ಹುಂಜವೊಂದು ‘ಅತಿಯಾದ ಹಾವಭಾವ’ದ ಕಾರಣಕ್ಕೆ ಈಸ್ಟರಿಗೆ ರಿಜೆಕ್ಟ್.

“ಅಲ್ಲ ಮಾರಾಯ್ರೆ, ಕೋಳಿ ಕೂಗದೆ ಇನ್ನೆಂತ ಮಾಡಬೇಕು? ಇಗರ್ಜಿಯ ಫಾದರರ ಹಾಗೆ ಪ್ರಸಂಗ ಹೇಳಬೇಕಾ?” ಎಂದು ಬೆನೆಡಿಕ್ಟಾ ಕೇಳಿದಳು.

“ನಿನಗೆ ಗುಣಮಟ್ಟದ ವಿಷಯ ತಿಳಿಯುವುದಿಲ್ಲ. ಇದನ್ನು ಸುಕ್ಕ ಮಾಡು.”

ಶಿಕ್ಷೆ ವಿಧಿಸುವುದು ಮಾತ್ರ ಎಡ್ಮಂಡರು. ರಕ್ತ ಕಂಡರೆ ಅವರಿಗೆ ತಲೆಸುತ್ತು. ಆದ್ದರಿಂದ ತೀರ್ಪು ಹೇಳಿದವರೇ ಕಾಪು ಪೇಟೆಗೆ ಪೇಪರು ತರಲು ಹೋಗುತ್ತಿದ್ದರು. ಬರುವಷ್ಟರಲ್ಲಿ ಮಸಾಲೆಯ ಪರಿಮಳ ಗೇಟಿನವರೆಗೆ ಬಂದಿರುತ್ತಿತ್ತು. ಊಟಕ್ಕೆ ಯಾರೇ ಬರಲಿ, ಎಡ್ಮಂಡರು ಒಂದು ತುಂಡನ್ನು ಎತ್ತಿ ಹಿಡಿದು, “ನೋಡಿ, ಈ ನಾರು ನೋಡಿ. ಹಿತ್ತಲಿನಲ್ಲಿ ಓಡಾಡಿದ ಕೋಳಿಗೆ ಮಾತ್ರ ಈ ರುಚಿ” ಎಂದು ಉಪನ್ಯಾಸ ಕೊಡುವರು. ಬೆನೆಡಿಕ್ಟಾ ಆಗ ಅನ್ನ ತರಲು ಒಳಗೆ ಹೋಗುವಳು.

ಕೋಳಿಯ ತಲೆಮಾರುಗಳು ಬೇಗ ಬೇಗ ಕಳೆಯುತ್ತವೆ. ಈ ಬಗೆಯ ಆಯ್ಕೆಯಲ್ಲಿ ಮೂರು ವರ್ಷ ದಾಟುವಷ್ಟರಲ್ಲಿ ಹಿತ್ತಲಿನಲ್ಲಿ ಏನೋ ಒಂದು ಆಗಿಹೋಗಿತ್ತು. ಅದು ಎಡ್ಮಂಡರ ಗಮನಕ್ಕೆ ಬಂದದ್ದು ಒಂದು ಮಧ್ಯಾಹ್ನ. ಗಾಳಿ ಇರಲಿಲ್ಲ. ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ಕುರ್ಚಿಯಲ್ಲಿ ತೂಕಡಿಸುತ್ತಿದ್ದವರಿಗೆ ಥಟ್ಟನೆ ಎಚ್ಚರವಾಯಿತು. ಎಬ್ಬಿಸಿದ್ದು ಸದ್ದಲ್ಲ, ಸದ್ದು ಇಲ್ಲದಿರುವುದು. ಕಣ್ಣು ಬಿಟ್ಟು ನೋಡಿದರೆ ಕೋಳಿಗಳೆಲ್ಲ ಅವರ ಸುತ್ತ ನಿಂತಿವೆ. ಒಂದೂ ನೆಲ ಕೆದಕುತ್ತಿಲ್ಲ, ಒಂದೂ ಹುಳ ಹೆಕ್ಕುತ್ತಿಲ್ಲ. ಎಲ್ಲವೂ ಒಂದೇ ಕೆಂಪು, ಒಂದೇ ಎತ್ತರ, ಒಂದೇ ಮುಖ. ತಲೆಯನ್ನು ಒಂದೇ ಬದಿಗೆ ವಾಲಿಸಿ ಒಂದೊಂದೇ ಕಣ್ಣಿನಿಂದ ಎಡ್ಮಂಡರನ್ನು ನೋಡುತ್ತಿವೆ.

“ಹೋಶ್” ಎಂದರು ಎಡ್ಮಂಡರು. ಯಾವುದೂ ಕದಲಲಿಲ್ಲ. ಕೊನೆಗೆ ಅವರೇ ಎದ್ದು, ಕುರ್ಚಿಯನ್ನು ಎದುರಿಗೆ ಹಿಡಿದುಕೊಂಡು, ಹಿಂದೆ ಹಿಂದೆ ನಡೆಯುತ್ತ ಅಡುಗೆ ಕೋಣೆ ಸೇರಿದರು.

ಅಲ್ಲಿಂದ ಆ ಹಿತ್ತಲು ಅವರ ಕೈತಪ್ಪಿತು. ಸಂಜೆ ದೇವರ ಪಟದೆದುರು ಗಂಡಹೆಂಡತಿ ಮೊಣಕಾಲೂರಿ ತೇರ್ಸ್ ಹೇಳುವಾಗ, ಗೂಡು ಸೇರಬೇಕಾದ ಕೋಳಿಗಳು ಜಗಲಿಯ ಮೆಟ್ಟಿಲಿನ ಮೇಲೆ ಸಾಲಾಗಿ ಬಂದು ನಿಲ್ಲತೊಡಗಿದವು. ಮೇಣದ ಬತ್ತಿಯ ಬೆಳಕಿಗೆ ಅವುಗಳ ಕಣ್ಣುಗಳು ಮಿಣುಕುವುದನ್ನು ಎಡ್ಮಂಡರು ಜಪಮಾಲೆಯ ಮಣಿ ಎಣಿಸುವುದು ಬಿಟ್ಟು ನೋಡುವರು. ಪ್ರಾರ್ಥನೆ ತಪ್ಪಿದರೆ ಬೆನೆಡಿಕ್ಟಾಳ ಮೊಣಕೈ ಪಕ್ಕೆಗೆ ತಾಗುವುದು. ಒಮ್ಮೆ ಹಾಡಹಗಲೇ ಗಿಡುಗವೊಂದು ಎರಗಿ ಹೇಂಟೆಯೊಂದನ್ನು ಎತ್ತಿಕೊಂಡು ಹೋಯಿತು. ಉಳಿದವು ನಿಂತಲ್ಲೇ ನಿಂತು ನೋಡಿದವು. ಹೋದದ್ದೂ ಕೂಗಲಿಲ್ಲ.

ಮೀನು ಮಾರುವ ರತ್ನಾವತಿಗೆ ಎದೆಗಾರಿಕೆ ಕಡಿಮೆಯೇನಲ್ಲ, ಮಲ್ಪೆಯ ಬಂದರಿನಲ್ಲಿ ಗಂಡಸರನ್ನು ಸರಿಸಿ ಮೀನು ಕೊಳ್ಳುವವಳು. ಅವಳೂ ಈ ಹಿತ್ತಲಿಗೆ ಕಾಲಿಡುವುದನ್ನು ಬಿಟ್ಟು, ಅಡುಗೆ ಕೋಣೆಯ ಬಾಗಿಲಲ್ಲೇ ಬುಟ್ಟಿ ಇಳಿಸಿ, ಅಲ್ಲಿಂದಲೇ ಬುಟ್ಟಿ ಹೊತ್ತು ಹೋಗತೊಡಗಿದಳು.

“ಪೊರ್ಬುಳೆ,” ಎಂದಳು ಒಮ್ಮೆ. (ಈ ಕಡೆ ತುಳುವರು ಕ್ರೈಸ್ತ ಯಜಮಾನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಎಡ್ಮಂಡರಿಗೆ ಸಿಗುತ್ತಿದ್ದ ಒಟ್ಟು ಮರ್ಯಾದೆಯೂ ಅಷ್ಟೆ.) “ಮಾತಾಡದ ಕೋಳಿ ಮನೆಗೆ ಒಳ್ಳೆಯದಲ್ಲ. ಇವು ಎಂತದ್ದನ್ನೋ ಕಾಯ್ತಾ ಉಂಟು.”

“ಅದು ಶಿಸ್ತು, ರತ್ನಾವತಿ.”

“ಶಿಸ್ತಾ? ನನ್ನನ್ನು ನೋಡುವ ಚಂದ ನೋಡಿ! ನಾನೇ ಬಂಗುಡೆ ಅಂತ ಗ್ರಹಿಸಿದ ಹಾಗೆ.”

ಎಡ್ಮಂಡರು ಹೊರಗೆ ನಕ್ಕರು. ಒಳಗೆ ನಗು ಇರಲಿಲ್ಲ.

ಹೀಗೆ ಹಿತ್ತಲಿನ ಸದ್ದೆಲ್ಲ ಅಡಗಿದ ಮೇಲೆ ಆ ಕೂಗು ಕೇಳಿಸತೊಡಗಿತು. ಮನೆಯ ಹಿಂದೆ ಉಳುಮೆಯಿಲ್ಲದೆ ಹಡಿಲು ಬಿದ್ದ ಒಂದು ಗದ್ದೆ, ಗದ್ದೆಯಾಚೆ ನಾಗಬನ. ದೊಡ್ಡ ಮರಗಳು ಹೆಣೆದುಕೊಂಡು ನಡುಹಗಲಲ್ಲೂ ಕತ್ತಲೆ. ಯಾವ ಜಾತಿಯವರೂ ಸುಮ್ಮಸುಮ್ಮನೆ ಆ ಕಡೆ ಸುಳಿಯುವುದಿಲ್ಲ. ಬೆಳಗಿನ ಹೊತ್ತು ಗಾಳಿ ಆ ಕಡೆಯಿಂದ ಬೀಸುವಾಗ ಬನದೊಳಗಿನಿಂದಲೇ ಹುಂಜದ ಕೂಗು ಬಂದಂತಾಗುತ್ತಿತ್ತು. ಯಾವುದೋ ಹುಂಜವಾಗಿದ್ದರೆ ಎಡ್ಮಂಡರು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಆದರೆ ಯಾವ ದನಿಗಾಗಿ ಯಾವುದನ್ನು ತಿರಸ್ಕರಿಸಿದ್ದೇನೆ ಎಂಬುದು ಆ ಪರೀಕ್ಷಕನ ಕಿವಿಗೆ ಮರೆಯುವಂಥದ್ದಲ್ಲ. ಉಸಿರು ಮುಗಿಯುವವರೆಗೆ ಎಳೆಯುವ ಈಸ್ಟರ್ ಹುಂಜ. ಅದು ನಿಲ್ಲಿಸುತ್ತಲೇ, ಕೂಗಿನ ಕೊನೆಗೆ ಸಣ್ಣಗೆ ಕೆಮ್ಮುವ ಇನ್ನೊಂದು. ಅದನ್ನು ಭಾವ ಕಾರ್ಕಳದಿಂದ ಬಂದಿದ್ದಾಗ ರೊಟ್ಟಿಯ ಜೊತೆ ತಿಂದದ್ದು. ಬಿಸಿಲೇರಿದ ಮೇಲೆ ಹೇಂಟೆಗಳ ಕೇಕೆ. ಕ್ರಿಸ್ಮಸಿನದ್ದು, ಹುಟ್ಟುಹಬ್ಬದ್ದು, ಮದುವೆ ವಾರ್ಷಿಕೋತ್ಸವದ್ದು. ತಿಂದದ್ದೆಲ್ಲ ಅಲ್ಲಿ ಸೇರಿದೆ! ಎಡ್ಮಂಡರು ಹೊಟ್ಟೆ ಹಿಡಿದುಕೊಂಡರು. ಈಚೆ ಹಿತ್ತಲಿನಲ್ಲಿ ಬದುಕಿದವು ಉಸಿರೆತ್ತದೆ ನಿಂತು ಆಚೆಯ ಸತ್ತವುಗಳ ಕೂಗನ್ನು ಕೇಳುತ್ತಿದ್ದವು.

ರತ್ನಾವತಿಯ ಮನೆ ಬನದ ಆಚೆ ತಗ್ಗಿನಲ್ಲಿ ಎಂದು ಅವರಿಗೆ ನೆನಪಾಗದೆ ಇರಲಿಲ್ಲ. ಕೇಳಿಯೇ ಬಿಟ್ಟರು.

“ನಿಮ್ಮಲ್ಲಿ ಕೋಳಿ ಉಂಟಾ?”

“ನಮ್ಮದು ಅಂತ ಒಂದು ಕೋಳಿ ಇಲ್ಲ, ಪೊರ್ಬುಳೆ, ದೈವದಾಣೆ,” ಎಂದಳು ರತ್ನಾವತಿ. ಆಣೆ ಹಾಕಿದವಳ ಮುಖದಲ್ಲಿ ಸುಳ್ಳಿನ ನೆರಳೂ ಇರಲಿಲ್ಲ. ಎಡ್ಮಂಡರ ಕೊನೆಯ ಆಸೆಯೂ ಹೋಯಿತು.

ಇಗರ್ಜಿಯ ಬೆಂಜಮಿನ್ ಫಾದರರನ್ನು ಮನೆ ಆಶೀರ್ವಾದಕ್ಕೆಂದು ಕರೆದು, ಹಾಗೆಯೇ ಹಿತ್ತಲಿಗೂ ನಾಲ್ಕು ಹನಿ ಹಾಕಿಸಿದರು. ಪವಿತ್ರ ಜಲ ನೆತ್ತಿಗೆ ಬಿದ್ದರೂ ಯಾವ ಕೋಳಿಯೂ ತಲೆ ಕೊಡವಲಿಲ್ಲ. ಫಾದರ್ ಸ್ವಲ್ಪ ಹೊತ್ತು ಅವುಗಳನ್ನು ನೋಡಿದರು. ಅವೂ ಫಾದರರನ್ನು ನೋಡಿದವು.

“ನನ್ನ ಪ್ರಸಂಗವನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿದ್ದಿಲ್ಲ ಎಡ್ಮಂಡ್,” ಎಂದ ಫಾದರ್, ಚಹಾವನ್ನೂ ಕುಡಿಯದೆ ಸ್ಕೂಟರ್ ಹತ್ತಿದರು.

ಒಂದು ಮುಸ್ಸಂಜೆ ಎಡ್ಮಂಡರು ಧೈರ್ಯ ಮಾಡಿ ಗದ್ದೆಯ ಹುಣಿಯ ಮೇಲೆ ಬನದ ಕಡೆಗೆ ನಡೆದರು. ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿಯ ದೀಪ ದೂರದಲ್ಲಿ ಮಿನುಗುತ್ತಿತ್ತು. ಬನದ ಅಂಚಿನಲ್ಲಿ ಏನೋ ಕೆಂಪಗೆ ಕಂಡಿತು. ಹುಂಜ. ಅದು ಅವರನ್ನು ನೋಡಿತು. ನಿಧಾನವಾಗಿ ಒಂದು ಕಾಲೆತ್ತಿತು. ಯೋಚನೆ ಮಾಡುವವರ ಹಾಗೆ ನಿಂತಿತು. ಆಮೇಲೆ ಕೂಗದೆಯೇ ಕಾಲಿಳಿಸಿ, ಅವಸರವೇ ಇಲ್ಲದೆ ಮರಗಳ ಮರೆಗೆ ನಡೆದು ಹೋಯಿತು. ಎಡ್ಮಂಡರು ಹೇಗೆ ಮನೆ ಸೇರಿದರೋ, ಒಂದು ಚಪ್ಪಲಿ ಗದ್ದೆಯ ಪಾಲಾಗಿತ್ತು.

“ದೇವಾ ಮ್ಹಜ್ಯಾ! ಎಂತ ಆಯ್ತು ನಿಮಗೆ?” ಎಂದಳು ಬೆನೆಡಿಕ್ಟಾ.

“ಬೆನ್ನಿ, ನಾವು ಈಸ್ಟರಿಗೆ ತಿಂದ ಹುಂಜ. ಅಲ್ಲಿ ನಿಂತಿತ್ತು. ನನ್ನ ಗುರುತು ಹಿಡಿಯಿತು.”

ತೆಂಗಿನಕಾಯಿ ತುರಿಯುತ್ತಿದ್ದ ಬೆನೆಡಿಕ್ಟಾಳ ಕೈ ನಿಂತಿತು. ಅವಳು ಗೋಡೆಯ ಕಡೆ ತಿರುಗಿ ಶಿಲುಬೆಯ ಗುರುತು ಹಾಕಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು. ಪಾಪ, ಹೆದರಿ ನಡುಗುತ್ತಿದ್ದಾಳೆ ಎಂದು ಎಡ್ಮಂಡರಿಗೆ ಕನಿಕರವೆನಿಸಿತು.

“ತಿಂದದ್ದನ್ನು ಮತ್ತೆ ನೆನೆಸಬಾರದು. ಅಜೀರ್ಣ ಆಗ್ತದೆ,” ಎಂದಳು ಗೋಡೆಗೇ.

ಅಂದಿನಿಂದ ಎಡ್ಮಂಡರು ಕೋಳಿ ಮಾಂಸ ಮುಟ್ಟಲಿಲ್ಲ. ಆದರೂ ಫಲಕದ ಆಸೆ ಬಿಡಲಿಲ್ಲ. ಸಂಘಕ್ಕೆ ಫೋನು ಮಾಡಿ ಪರೀಕ್ಷಕರನ್ನು ಬೇಗ ಕಳಿಸಬೇಕೆಂದು ಕೇಳಿಕೊಂಡರು. ಫಲಕ ಒಮ್ಮೆ ಬಂದರೆ ಮರಿಗಳನ್ನು ಊರಿಗೆಲ್ಲ ಹಂಚಿ, ಇವುಗಳ ಕಣ್ಣಿನಿಂದ ಪಾರಾಗುವುದು ಅವರ ಗುಟ್ಟಿನ ಯೋಜನೆ.

ಪರೀಕ್ಷಕಿ ನವ್ಯಶ್ರೀ ಕಾರ್ಕಳದ ಕಡೆಯ ಹುಡುಗಿ. ಚುರುಕು. ಗೇಟು ದಾಟಿ ಬಿರಬಿರನೆ ಹಿತ್ತಲಿಗೆ ಬಂದವಳು, ಸಾಲಾಗಿ ನಿಂತಿದ್ದ ಕೋಳಿಗಳೆಲ್ಲ ಒಟ್ಟಿಗೆ ತಲೆ ತಿರುಗಿಸಿದ್ದನ್ನು ಕಂಡು ಅಲ್ಲೇ ನಿಂತಳು.

“ಇವು ಜೀವ ಇದ್ದದ್ದಾ ಅಂಕಲ್?”

“ಶಾಂತ ಸ್ವಭಾವ,” ಎಂದರು ಎಡ್ಮಂಡರು.

ನವ್ಯಶ್ರೀ ಒಂದೊಂದನ್ನೇ ಎತ್ತಿ ನೋಡಿದಳು. ಬಣ್ಣ ಸರಿ, ಜುಟ್ಟು ಸರಿ, ಕಾಲು ಸರಿ. ಎಡ್ಮಂಡರ ಕಣ್ಣಿಗೆ ಫಲಕ ಕಾಣತೊಡಗಿತು. ಅವಳು ಹುಂಜದ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದಳು. ಅದು ರೆಪ್ಪೆಯನ್ನೂ ಬಡಿಯಲಿಲ್ಲ.

“ಕೂಗುದಿಲ್ವಾ?”

“ಇಲ್ಲ.”

“ಹೇಂಟೆಗಳು ಮರಿ ಕರೆಯುದಿಲ್ವಾ? ಮೊಟ್ಟೆಯ ಮೇಲೆ ಕೂರುದು ಯಾವುದು?”

“ಕೂರುವುದು ಕಡಿಮೆ. ಮರಿ ಮಾಡುವ ಮೆಷಿನ್ ಇಟ್ಟಿದ್ದೇನೆ. ಇವು ಹೆಚ್ಚಾಗಿ ನಿಲ್ಲುತ್ತವೆ.”

“ಅಂಕಲ್, ಗಿಡುಗ ಬಂದರೆ ಕೂಗಿ ಹೇಳದ ಹುಂಜ, ಮರಿಯನ್ನು ಕರೆಯದ ಹೇಂಟೆ, ಇವುಗಳಿಂದ ತಳಿ ಮಾಡಿದರೆ ಎಂತ ಉಳಿಯುದು? ಗಾಬರಿ ಆಗಬಾರದು ಅಂತ ಬರೆದದ್ದು ಹೌದು. ಜೀವದ ಆಸೆಯೇ ಇರಬಾರದು ಅಂತ ನಾವು ಬರೆಯಲಿಲ್ಲ. ನೀವು ಕೋಳಿಯನ್ನು ತೆಗೆದು ಗೊಂಬೆಯನ್ನು ಇಟ್ಟುಕೊಂಡಿದ್ದೀರಿ.”

ಅದೇ ಗಳಿಗೆಗೆ, ಹಗಲು ಹತ್ತು ಗಂಟೆಯ ಸುಡುಬಿಸಿಲಿನಲ್ಲಿ, ಬನದ ಕಡೆಯಿಂದ ಆ ಕೂಗು ಬಂತು. ಉದ್ದಕ್ಕೆ, ಉಸಿರು ಮುಗಿಯುವವರೆಗೆ. ಅದರ ಹಿಂದೆ ಕೆಮ್ಮು. ನವ್ಯಶ್ರೀ ತಟ್ಟನೆ ತಿರುಗಿದಳು.

“ಅದು ಯಾರದ್ದು?”

“ನಿಮಗೂ ಕೇಳ್ತದಾ?” ಎಡ್ಮಂಡರು ಪಿಸುಗುಟ್ಟಿದರು.

“ಕೇಳದೆ ಎಂತ? ಅಂಥ ಗಂಟಲನ್ನೇ ನಾವು ಹುಡುಕುವುದು!” ಎಂದು ಅವಳು ಗದ್ದೆಗಿಳಿದಳು.

“ಹೋಗಬೇಡ ಮಗಾ! ಅವು ಸತ್ತವು! ನಾನೇ ತಿಂದದ್ದು!” ಎನ್ನುತ್ತ ಎಡ್ಮಂಡರು ಹಿಂದೆ ಓಡಿದರು. ಅವರ ಹಿಂದೆ, ಸೌಟು ಹಿಡಿದುಕೊಂಡೇ, “ನಿಲ್ಲಿ, ನಾನು ಹೇಳ್ತೇನೆ, ನಿಲ್ಲಿ!” ಎಂದು ಬೆನೆಡಿಕ್ಟಾ.

ಬನವನ್ನು ಸುತ್ತಿ ತಗ್ಗಿಗಿಳಿದರೆ ರತ್ನಾವತಿಯ ಅಂಗಳ. ಅಂಗಳದಲ್ಲಿ ಕೆಂಪು ಕೆಂಪಗೆ ಕೋಳಿಗಳು. ಕೆದಕುತ್ತಿವೆ, ಜಗಳಾಡುತ್ತಿವೆ, ಮರಿಗಳನ್ನು ಕರೆಯುತ್ತಿವೆ, ಹಾರಿ ದನದ ಕೊಟ್ಟಿಗೆಯ ಮಾಡು ಹತ್ತುತ್ತಿವೆ. ಎಡ್ಮಂಡರು ಗುರುತು ಹಿಡಿಯುತ್ತ ಹೋದರು. “ಇದು ಕ್ರಿಸ್ಮಸ್... ಇದು ಹುಟ್ಟುಹಬ್ಬ... ಅಯ್ಯೋ, ಇದು ಭಾವನ ಒಟ್ಟಿಗೆ...” ಮಾಡಿನ ಮೇಲೆ ಈಸ್ಟರ್ ಹುಂಜ ಒಂದು ಕಾಲೆತ್ತಿ ನಿಂತಿತ್ತು. ಎಡ್ಮಂಡರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತರು.

“ನೀವು ಬೇಡ ಅಂದದ್ದೆಲ್ಲ ಒಳ್ಳೊಳ್ಳೆ ಕೋಳಿ, ಮಾರಾಯ್ರೆ,” ಎಂದಳು ಏದುಸಿರು ಬಿಡುತ್ತಿದ್ದ ಬೆನೆಡಿಕ್ಟಾ. “ಹೇಗೆ ಕೊಲ್ಲುದು? ರತ್ನಕ್ಕನ ಖಾಲಿ ಮೀನಿನ ಬುಟ್ಟಿಯಲ್ಲಿ ಹಾಕಿ ಪಾಲಿಗೆ ಕೊಟ್ಟೆ. ಕೋಳಿ ನಮ್ಮದು, ಸಾಕುವುದು ಅವರು. ಮೊಟ್ಟೆ, ಮರಿ ಅರ್ಧ ಅರ್ಧ. ಊರಲ್ಲಿ ಎಲ್ಲರೂ ಮಾಡುವುದೇ.”

“ನಮ್ಮದು ಅಂತ ಒಂದೂ ಇಲ್ಲ ಅಂತ ನಾನು ಹೇಳಿದ್ದೆ ಅಲ್ವಾ,” ಎಂದಳು ರತ್ನಾವತಿ ಬಾಗಿಲಿನಿಂದ. “ಎಲ್ಲ ಬಾಯಮ್ಮನದ್ದೇ,” ಎಂದು ಬೆನೆಡಿಕ್ಟಾಳತ್ತ ಕೈ ತೋರಿಸಿದಳು.

“ಹಾಗಾದರೆ,” ಎಡ್ಮಂಡರು ಕಷ್ಟಪಟ್ಟು ಕೇಳಿದರು, “ಮೂರು ವರ್ಷ ನಾನು ತಿಂದದ್ದು?”

ಬೆನೆಡಿಕ್ಟಾ ಸೌಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

“ಬ್ರಾಯ್ಲರ್.”

ಊಟಕ್ಕೆ ಬಂದವರೆದುರು ಎತ್ತಿ ಹಿಡಿದ ತುಂಡುಗಳೆಲ್ಲ ಒಂದೊಂದಾಗಿ ಎಡ್ಮಂಡರ ಕಣ್ಣ ಮುಂದೆ ಹಾದು ಹೋದವು. ಭೂತದ ಕೋಳಿಗಳೇ ವಾಸಿಯಾಗಿದ್ದವು ಎನಿಸಿತು. ಇತ್ತ ನವ್ಯಶ್ರೀಗೆ ಹಬ್ಬ. ಸಂಘ ಹುಡುಕುತ್ತಿದ್ದ ಗುಂಪು ಇದೇ ಎಂದು ಕುಣಿಯುವುದೊಂದು ಬಾಕಿ. ತಳಿಗೆ ಮುಖ್ಯ ಹುಂಜವನ್ನು ಆರಿಸಬೇಕು. ಕೆಮ್ಮುವುದನ್ನು ಬಿಟ್ಟರೆ, ಕಾಲೆತ್ತುವ ಹುಂಜ, ಅದರದ್ದೇ ಒಂದು ಮಗ, ಎರಡೂ ಸಮಸಮ. ಅವಳು ಇದನ್ನು ನೋಡಿದಳು, ಅದನ್ನು ನೋಡಿದಳು, ತಲೆ ಕೆರೆದುಕೊಂಡಳು.

“ಇವರನ್ನು ಕೇಳಿ,” ಎಂದಳು ಬೆನೆಡಿಕ್ಟಾ, ಗಂಡನನ್ನು ತೋರಿಸಿ. ಎಡ್ಮಂಡರು ತಲೆಯೆತ್ತಿದರು. ಮದುವೆಯಾದ ಮೇಲೆ ಕೇಳದ ಮಾತು. ಕಣ್ಣು ತೇವವಾಯಿತು. “ಇವರು ಯಾವುದು ಬೇಡ ಅಂತಾರೋ, ಅದನ್ನು ಹಿಡಿಯಿರಿ.”

ಎಡ್ಮಂಡರು ಮಗ ಹುಂಜವನ್ನು ಬೇಡವೆಂದರು. ನವ್ಯಶ್ರೀ ಅದನ್ನೇ ಹಿಡಿದಳು. ಅದರ ಮರಿಗಳು ಇವತ್ತು ಕಾರ್ಕಳದಲ್ಲಿ, ಮಣಿಪಾಲದಲ್ಲಿ ಕೂಗುತ್ತಿವೆ. ಫಲಕ ರತ್ನಾವತಿಯ ಮನೆಯೆದುರು ತೂಗುತ್ತಿದೆ. ಈಗ ಆದಿತ್ಯವಾರ ಬಂತೆಂದರೆ ಜನ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಹಿಡಿದುಕೊಂಡು ಎಡ್ಮಂಡರ ಮನೆಗೆ ಬರುತ್ತಾರೆ. “ಯಾವುದು ಬೇಡ, ಒಮ್ಮೆ ಹೇಳಿಬಿಡಿ” ಎನ್ನುತ್ತಾರೆ. ಅವರು ಗಂಭೀರವಾಗಿ ನೋಡಿ ತಿರಸ್ಕರಿಸುತ್ತಾರೆ. ತಿರಸ್ಕರಿಸಿದ್ದನ್ನು ಎದೆಗವಚಿಕೊಂಡು ಜನ ಸಂತೋಷದಿಂದ ಹೋಗುತ್ತಾರೆ. ಒಮ್ಮೆ ಮೆಚ್ಚಿದ್ದನ್ನೇ ಬೇಡವೆಂದು ಹೇಳಿ ನೋಡಿದರು. ಬೆನೆಡಿಕ್ಟಾ ಅವರ ಮುಖ ನೋಡಿದವಳೇ, “ಸುಳ್ಳು ಹೇಳ್ತಿದ್ದಾರೆ, ಇನ್ನೊಂದು ತೆಗೆದುಕೊಳ್ಳಿ” ಎಂದಳು. ಮನೆಯಲ್ಲೂ ಅವರಿಗೀಗ ಬಿಡುವಿಲ್ಲ. ಪರದೆಗೆ ಬಣ್ಣ, ಸಾರಿಗೆ ಮೀನು, ಎಲ್ಲದಕ್ಕೂ ಅವರನ್ನು ಮೊದಲು ಕೇಳುತ್ತಾರೆ. ಆಮೇಲೆ ಅದನ್ನು ಬಿಟ್ಟು ಬೇರೆ ತರುತ್ತಾರೆ.

ಅವರು ಆರಿಸಿದ ಮೂಕ ಕೋಳಿಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವು ಈಗಲೂ ಸಂಜೆ ಜಗಲಿಯ ಮೆಟ್ಟಿಲಿನ ಮೇಲೆ ನಿಂತು ನೋಡುತ್ತವೆ. ಅಂಥದ್ದೇ ಒಂದು ಸಂಜೆ ತೇರ್ಸ್ ಮುಗಿದ ಮೇಲೆ ಎಡ್ಮಂಡರಿಗೆ ಒಂದು ಮಹಾ ತರ್ಕ ಹೊಳೆಯಿತು. ಹೆಂಡತಿಯನ್ನು ಬಲೆಗೆ ಕೆಡಹುವ ಉತ್ಸಾಹದಲ್ಲಿ ಅವರ ಮುಖ ಅರಳಿತು.

“ನಾನು ಆರಿಸಿದ್ದೆಲ್ಲ ಕಳಪೆ, ಅಲ್ವಾ ಬೆನ್ನಿ? ಹಾಗಾದರೆ ನೀನು? ನಿನ್ನನ್ನು ಆರಿಸಿದ್ದೂ ನಾನೇ.”

ಬೆನೆಡಿಕ್ಟಾ ಮೇಣದ ಬತ್ತಿಯನ್ನು ಊದಿ ಆರಿಸಿದಳು.

“ನೀವೆಲ್ಲಿ ಆರಿಸಿದ್ದು? ನನ್ನನ್ನು ನೋಡಲಿಕ್ಕೆ ಬಂದ ದಿನ ನೀವು ಬೇಡ ಅಂದಿದ್ರಿ. ‘ಹುಡುಗಿಗೆ ಬಾಯಿ ಜಾಸ್ತಿ’ ಅಂತ. ನಿಮ್ಮ ಅಮ್ಮ ಮರುದಿನವೇ ಬಂದು ಒಪ್ಪಿಗೆ ಕೊಟ್ಟು ಹೋದರು. ‘ನನ್ನ ಮಗ ಬೇಡ ಅಂದಿದ್ದಾನೆ, ಹಾಗಾಗಿ ನನಗೆ ಧೈರ್ಯ ಬಂತು’ ಅಂತ ನನ್ನ ಅಪ್ಪನ ಹತ್ತಿರ ಹೇಳಿದರಂತೆ.”